ಸೋಮನಾಥಪುರದ ಆನೆ, ಶೆಟ್‌ಲ್ಯಾಂಡಿನ ಉಣ್ಣೆ: ಒಂದು ತೋಳಿಲ್ಲದ ಸ್ವೆಟರಿನ ಲೆಕ್ಕಪತ್ರ

ಪ್ರವಾಸ ಹೋದಲ್ಲಿ ಕಂಡ ಹೆಣಿಗೆಯ ಫೋಟೊ ತೆಗೆದುಕೊಂಡು ಬರುವವರು ಬಹಳ ಜನ, ಎಣಿಸಿಕೊಂಡು ಬರುವವರು ಕಡಿಮೆ. ಫೋಟೊದಲ್ಲಿ ಬಣ್ಣ ಸಿಗುತ್ತದೆ, ಆಕಾರವೂ ಸಿಗುತ್ತದೆ. ಆದರೆ ಮನೆಗೆ ಬಂದು ಕಡ್ಡಿ ಹಿಡಿದಾಗ ಬೇಕಾಗುವುದು ಬೇರೆಯೇ: ಎಷ್ಟು ಕುಣಿಕೆಗೊಮ್ಮೆ ಚಿತ್ತಾರ ಮರುಕಳಿಸುತ್ತದೆ, ಯಾವ ಸಾಲಿನಲ್ಲಿ ಹಿನ್ನೆಲೆಯ ಬಣ್ಣ ಬದಲಾಗಿದೆ, ಹಿಂಬದಿಯಲ್ಲಿ ದಾರ ಎಷ್ಟು ದೂರ ಬಿಡುಬೀಸಾಗಿ ಓಡಿದೆ. ಇವು ಯಾವ ಕ್ಯಾಮೆರಾಕ್ಕೂ ಸರಿಯಾಗಿ ಬೀಳುವುದಿಲ್ಲ. ನನ್ನ ಮಟ್ಟಿಗೆ ಪ್ರವಾಸದ ಸ್ಫೂರ್ತಿ ಎಂದರೆ ಚೌಕುಳಿ ಹಾಳೆಯ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡ ಸಂಖ್ಯೆಗಳು. ಕೆಳಗಿನದು ಆ ಸಂಖ್ಯೆಗಳು ಸ್ವೆಟರಾದ ಬಗೆ.

ಸ್ವೆಟರು ನನ್ನ ಸೋದರಮಾವನಿಗೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಕು ಹರಿಯುವ ಮೊದಲೇ ನಡೆಯಲು ಹೋಗುವ ಮನುಷ್ಯ ಅವರು. ಮೈಸೂರಿನ ಚಳಿಗೆ ದಪ್ಪ ತೋಳಿನ ಸ್ವೆಟರು ಬೇಕಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಎರಡು ಗಂಟೆ ಎದೆ, ಬೆನ್ನು ಬೆಚ್ಚಗಿದ್ದರೆ ಸಾಕು, ಎಂಟು ಗಂಟೆಗೆಲ್ಲ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳಬೇಕಾಗುತ್ತದೆ. ಹಾಗಾಗಿ ತೋಳಿಲ್ಲದ್ದು, ವಿ ಆಕಾರದ ಕುತ್ತಿಗೆಯದು, ಅಂಗಿಯ ಮೇಲೆ ಹಾಕಿಕೊಳ್ಳುವಂಥದ್ದು.

ಅಲ್ಲಿಂದ ಬಂದದ್ದು

ಮಗಳು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದಾಳೆ. ಅಲ್ಲಿಂದ ಸಂಜೆ ಹಡಗು ಹತ್ತಿದರೆ ಮರುದಿನ ಬೆಳಿಗ್ಗೆ ಶೆಟ್‌ಲ್ಯಾಂಡ್ ದ್ವೀಪಗಳ ಲರ್ವಿಕ್ ಊರು. ಭೂಮಧ್ಯರೇಖೆಯಿಂದ 60 ಡಿಗ್ರಿ ಉತ್ತರಕ್ಕಿರುವ ಊರದು. ಜೂನ್ ತಿಂಗಳಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಮರಗಳು ಕಡಿಮೆ, ಗಾಳಿ ಹೆಚ್ಚು, ಎಲ್ಲಿ ನೋಡಿದರೂ ಕುರಿ. ಈ ದ್ವೀಪಗಳಿಗೆ ದಕ್ಷಿಣದಲ್ಲಿ, ಆರ್ಕ್ನಿ ದ್ವೀಪಗಳಿಗೆ ಹೋಗುವ ಅರ್ಧ ದಾರಿಯ ಸಮುದ್ರದಲ್ಲಿ ಫೇರ್ ಐಲ್ ಎಂಬ ಪುಟ್ಟ ದ್ವೀಪವಿದೆ. ಜಗತ್ತಿನ ಅರ್ಧ ಜನ ಬಣ್ಣದ ಪಟ್ಟೆ ಸ್ವೆಟರಿಗೆಲ್ಲ ಅದರ ಹೆಸರನ್ನೇ ಹೇಳುತ್ತಾರೆ. 1922ರಲ್ಲಿ ಆಗಿನ ವೇಲ್ಸ್ ರಾಜಕುಮಾರ ಎಡ್ವರ್ಡ್ ಸೇಂಟ್ ಆಂಡ್ರೂಸಿನ ಗಾಲ್ಫ್ ಮೈದಾನಕ್ಕೆ ಫೇರ್ ಐಲ್ ಸ್ವೆಟರು ಹಾಕಿಕೊಂಡು ಬಂದ ಮೇಲೆ ಅದು ಫ್ಯಾಷನ್ ಆಯಿತು. ಅಲ್ಲಿಯವರೆಗೆ ಅದು ಮೀನುಗಾರರ ಮನೆಯ ಹೆಂಗಸರ ಕೈಕೆಲಸ.

ಲರ್ವಿಕ್‌ನ ವಸ್ತುಸಂಗ್ರಹಾಲಯ ಹಳೆಯ ಹಡಗುಕಟ್ಟೆಯ ಪಕ್ಕದಲ್ಲಿದೆ. ಅಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಗನ್ನಿಸ್ಟರ್ ಎಂಬಲ್ಲಿ 1951ರಲ್ಲಿ ಸಿಕ್ಕಿದ ಉಡುಪುಗಳ ಮುಂದೆ. ಪೀಟ್ ಎಂಬ ಕೊಳೆತ ಸಸ್ಯಗಳ ಮಣ್ಣನ್ನು ಉರುವಲಿಗಾಗಿ ಅಗೆಯುತ್ತಿದ್ದವರಿಗೆ 17ನೇ ಶತಮಾನದ ಕೊನೆಯ ಹೊತ್ತಿನ ಒಬ್ಬನ ಬಟ್ಟೆಗಳು ಕಂಡವು: ಕೋಟು, ಟೋಪಿ, ಕಾಲುಚೀಲ, ಕೈಗವಸು, ಮತ್ತೆ ಹೆಣೆದ ಒಂದು ಪುಟ್ಟ ಹಣದ ಚೀಲ. ಮೂಲ ವಸ್ತುಗಳು ಎಡಿನ್‌ಬರೊದ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ಲರ್ವಿಕ್‌ನಲ್ಲಿರುವುದು ಅವುಗಳ ಪ್ರತಿಕೃತಿ. ಆ ಚೀಲದ ಬೂದು ಬಣ್ಣದ ಮೈಮೇಲೆ ಕೆಂಪು, ಬಿಳಿ ದಾರದ ಸಣ್ಣ ಪಟ್ಟಿಗಳು. ಮುನ್ನೂರು ವರ್ಷದ ಹಿಂದಿನ ಕೈಯೂ ಒಂದು ಸಾಲಿನ ಲೆಕ್ಕವನ್ನು ಸಣ್ಣದಾಗಿಯೇ ಇಟ್ಟುಕೊಂಡಿತ್ತು. ಇದನ್ನು ಬರೆದುಕೊಂಡೆ.

ಊರ ಹೊರಗಿನ ಜವಳಿ ಸಂಗ್ರಹಾಲಯದಲ್ಲಿ, ಸ್ವಯಂಸೇವಕಿಯಾಗಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಮಾಡಿದ ಒಂದು ಕೆಲಸ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ನಾನು ಚಿತ್ತಾರ ಎಣಿಸುತ್ತಿರುವುದನ್ನು ನೋಡಿ, ತಾವೇ ಹೆಣೆದು ತೊಟ್ಟಿದ್ದ ಸ್ವೆಟರನ್ನು ಕಳಚಿ, ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದರು. ಹಿಂಬದಿಯಲ್ಲಿ ದಾರಗಳು ನೇಯ್ದಂತೆ ಅಚ್ಚುಕಟ್ಟಾಗಿದ್ದವು. ಎಲ್ಲಿಯೂ ಬೆರಳು ಸಿಕ್ಕುವಷ್ಟು ಉದ್ದದ ಸಡಿಲ ದಾರವಿಲ್ಲ, ಗಂಟಿಲ್ಲ. ಮುಂದಿನಿಂದ ನೋಡಿದಾಗ ಹತ್ತಾರು ಬಣ್ಣವಿದ್ದಂತೆ ಕಂಡದ್ದು ಹಿಂದಿನಿಂದ ನೋಡಿದರೆ ಒಂದು ಸಾಲಿನಲ್ಲಿ ಎರಡೇ ದಾರ. ಬಣ್ಣ ಬದಲಾಗುವುದು ಮೇಲೆ ಹೋಗುತ್ತಾ, ಸಾಲಿನಿಂದ ಸಾಲಿಗೆ. ಹಿನ್ನೆಲೆ ಒಂದು ಕಡೆಯಿಂದ ತಿಳಿಯಾಗುತ್ತಾ ಬಂದು ಪಟ್ಟಿಯ ನಟ್ಟನಡುವೆ ಹಗುರಾಗಿ ಮತ್ತೆ ಗಾಢವಾಗುತ್ತದೆ.

ನನ್ನ ಪುಸ್ತಕದಲ್ಲಿ ಅಲ್ಲಿಂದ ಬಂದದ್ದು ಇಷ್ಟೇ: ಸಾಲಿಗೆ ಎರಡೇ ಬಣ್ಣ. ಒಂದೇ ಬಣ್ಣದ ಕುಣಿಕೆಗಳು ಒಟ್ಟಾಗಿ ಐದಾರಕ್ಕಿಂತ ಹೆಚ್ಚು ಬರಬಾರದು, ತೀರಾ ಬಂದರೆ ಏಳು. ದೊಡ್ಡ ಪಟ್ಟಿಗಳ ನಡುವೆ ಮೂರು ಸಾಲಿನಿಂದ ಐದಾರು ಸಾಲಿನ ಸಣ್ಣ ಪಟ್ಟಿಗಳು, ಅವುಗಳಿಗೆ ಅಲ್ಲಿನವರು ಪೀರಿ ಎನ್ನುತ್ತಾರೆ. ಎಲ್ಲವನ್ನೂ ಕೊಳವೆಯಂತೆ ಸುತ್ತಲೂ ಹೆಣೆದು, ತೋಳು, ಕುತ್ತಿಗೆಗೆ ಕೊನೆಯಲ್ಲಿ ಕತ್ತರಿ.

ಅಂಗಡಿಯಲ್ಲಿ ಅಲ್ಲಿನ ಚಿತ್ತಾರಗಳ ಸಿದ್ಧ ಚಾರ್ಟುಗಳು, ಅಂದರೆ ಕುಣಿಕೆಗೊಂದು ಚೌಕದಂತೆ ಬರೆದ ನಕ್ಷೆಗಳು, ಮಾರಾಟಕ್ಕಿದ್ದವು. ನಾನು ಕೊಳ್ಳಲಿಲ್ಲ. ಅವರ ನಕ್ಷತ್ರ, ಅವರ ಲಂಗರು ಅವರ ಮೈಮೇಲೆಯೇ ಚೆಂದ. ಉಣ್ಣೆ ಮಾತ್ರ ಕೊಂಡೆ, ಬಣ್ಣ ಹಾಕದ ಉಣ್ಣೆ. ಶೆಟ್‌ಲ್ಯಾಂಡ್ ಕುರಿಗಳು ಹುಟ್ಟಿನಿಂದಲೇ ಹಲವು ಬಣ್ಣದವು: ಕೆನೆ ಬಿಳಿ, ತಿಳಿ ಕಂದು, ಮೂರಿಟ್ ಎಂಬ ಕೆಂಗಂದು, ಶೇಲಾ ಎಂಬ ಕಡುಬೂದು, ಕಪ್ಪು ಎನ್ನಬಹುದಾದ ಗಾಢ ಕಂದು. ಎರಡೆಳೆಯ ದಾರ, 25 ಗ್ರಾಮಿನ ಉಂಡೆಯಲ್ಲಿ ಸುಮಾರು 115 ಮೀಟರ್. ಈ ಐದರ ಜೊತೆಗೆ ಬಣ್ಣ ಹಾಕಿದ್ದು ಒಂದೇ ಒಂದು ಉಂಡೆ, ಇಟ್ಟಿಗೆ ಕೆಂಪು. ನಮ್ಮ ಹಳೆಯ ಮನೆಯ ಕಾವಿ ನೆಲಕ್ಕೆ ಹತ್ತಿರದ ಕೆಂಪು ಅದು.

ಇಲ್ಲಿ ಕಂಡದ್ದು

ಊರಿಗೆ ಮರಳಿದ ಮೇಲೆ ನೆಂಟರೊಬ್ಬರನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋಗಬೇಕಾಯಿತು. ಚಿಕ್ಕಂದಿನಿಂದ ನೋಡಿದ ದೇವಸ್ಥಾನ. ಮೈಸೂರಿಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು, ತಿರುಮಕೂಡಲು ನರಸೀಪುರ ತಾಲ್ಲೂಕು. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ. 2023ರಿಂದ ಬೇಲೂರು, ಹಳೇಬೀಡುಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಂದವರೆಲ್ಲ ತಲೆ ಎತ್ತಿ ಒಳಗಿನ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಒಳಛಾವಣಿಗಳನ್ನು, ನೋಡುತ್ತಾರೆ. ಈ ಸಲ ನನ್ನ ಕಣ್ಣು ಹೋದದ್ದು ಸೊಂಟದ ಮಟ್ಟಕ್ಕೆ, ಹೊರಗೋಡೆಯ ಬುಡಕ್ಕೆ.

ಅಲ್ಲಿ ಒಂದರ ಮೇಲೊಂದು ಆರು ಪಟ್ಟಿಕೆಗಳು ಗುಡಿಯನ್ನು ಸುತ್ತುವರಿದಿವೆ. ಕೆಳಗೆ ಆನೆಗಳು, ಅದರ ಮೇಲೆ ಕುದುರೆ ಸವಾರರು, ಬಳಿಕ ಎಲೆಬಳ್ಳಿ, ಪುರಾಣದ ಕತೆಗಳು, ಮಕರ, ತುತ್ತತುದಿಗೆ ಹಂಸ. ಪಟ್ಟಿಗೂ ಪಟ್ಟಿಗೂ ನಡುವೆ ಚಿತ್ತಾರವಿಲ್ಲದ ಆಳವಾದ ಗೆರೆ, ನೆರಳು ಬೀಳಲೆಂದೇ ಬಿಟ್ಟ ಜಾಗ. ಪಟ್ಟಿಗಳು ಒಂದೇ ಅಗಲವಲ್ಲ. ಸುತ್ತಲೂ ಹೋಗುತ್ತಾ ಆಕೃತಿ ಮರುಕಳಿಸುತ್ತದೆ, ಆದರೂ ಯಾವ ಆನೆಯೂ ಪಕ್ಕದ ಆನೆಯ ಅಚ್ಚಲ್ಲ. ಲರ್ವಿಕ್‌ನಿಂದ ಎಣಿಸುವ ಚಟ ಹತ್ತಿಸಿಕೊಂಡು ಬರದಿದ್ದರೆ ಇದು ಸ್ವೆಟರಿನ ಮೈ ಎಂದು ನನಗೆ ಹೊಳೆಯುತ್ತಿರಲಿಲ್ಲ. ಕಲ್ಲಿನ ಬಣ್ಣವೂ ಅದೇ, ಬಳಪದ ಕಲ್ಲಿನ ಬೂದು. ಚೀಲದಲ್ಲಿದ್ದ ಶೇಲಾ ಉಂಡೆಯನ್ನು ಗೋಡೆಯ ನೆರಳಿನ ಭಾಗದ ಪಕ್ಕ ಹಿಡಿದು ನೋಡಿದೆ. ನೆಂಟರಿಗೆ ನನ್ನ ತಲೆಯ ಬಗ್ಗೆ ಅನುಮಾನ ಬಂದಿರಬೇಕು.

ಕಲ್ಲನ್ನು ಮುಟ್ಟಿ ಟೇಪು ಹಿಡಿಯುವಂತಿಲ್ಲ. ಕೈ ಚಾಚಿ ಪೆನ್ಸಿಲ್ ಹಿಡಿದು, ಹೆಬ್ಬೆರಳನ್ನು ಜಾರಿಸಿ, ಆನೆಯ ಎತ್ತರಕ್ಕೆ ಉದ್ದ ಎಷ್ಟು, ಮೈಗೆ ಕಾಲು ಎಷ್ಟು ಎಂದು ಅಳೆದುಕೊಂಡೆ. ಚಿತ್ರ ಬಿಡಿಸುವವರ ಹಳೆಯ ಉಪಾಯ.

ಮಾದರಿ ತುಂಡು

ಇದನ್ನು ಬಿಟ್ಟು ಮುಂದೆ ಹೋಗುವವರು ಬಹಳ ಮಂದಿ, ಕೊನೆಗೆ ಸ್ವೆಟರನ್ನು ಅಳತೆಗೆ ಸರಿಯಾದ ಇನ್ನೊಬ್ಬರಿಗೆ ದಾನ ಮಾಡುವವರೂ ಅವರೇ. ಎರಡು ಬಣ್ಣದ ಹೆಣಿಗೆಗೆ ಮಾದರಿ ತುಂಡನ್ನೂ ಸುತ್ತಲೂ ಹೆಣೆದೇ ನೋಡಬೇಕು. ಅತ್ತ ಇತ್ತ ತಿರುಗಿಸಿ ಹೆಣೆದರೆ ಉಲ್ಟಾ ಸಾಲು ಬರುತ್ತದೆ, ಉಲ್ಟಾ ಸಾಲಿನ ಬಿಗಿಯೇ ಬೇರೆ. ಆ ಲೆಕ್ಕ ಕೊಳವೆಗೆ ಹೊಂದುವುದಿಲ್ಲ. ತುಂಡನ್ನು ತೊಳೆದು, ಒಣಗಿಸಿ, ಆಮೇಲೆ ಅಳೆಯಬೇಕು, ಏಕೆಂದರೆ ಶೆಟ್‌ಲ್ಯಾಂಡ್ ಉಣ್ಣೆ ನೀರು ಕಂಡ ಮೇಲೆ ಅರಳುತ್ತದೆ.

3.25 ಮಿಲಿಮೀಟರಿನ ಕಡ್ಡಿಯಲ್ಲಿ, ತೊಳೆದ ಮೇಲೆ, ನನಗೆ ಸಿಕ್ಕಿದ್ದು 10 ಸೆಂಟಿಮೀಟರಿಗೆ ಅಡ್ಡ 28 ಕುಣಿಕೆ, ಎತ್ತರಕ್ಕೆ 30 ಸಾಲು. ಮಾವನ ಎದೆ ಸುತ್ತಳತೆಗೆ ಸ್ವಲ್ಪ ಸಡಿಲ ಸೇರಿಸಿ 102 ಸೆಂಟಿಮೀಟರ್ ಬೇಕಿತ್ತು. 28ರಂತೆ ಲೆಕ್ಕ ಹಾಕಿದರೆ 286 ಕುಣಿಕೆ. ಆನೆಯ ಪಟ್ಟಿ 24 ಕುಣಿಕೆಗೊಮ್ಮೆ ಮರುಕಳಿಸುವಂತೆ ಮಾಡಿದರೆ 12 ಆನೆಗೆ 288. ಎರಡು ಕುಣಿಕೆ ಹೆಚ್ಚು, ಒಂದು ಸೆಂಟಿಮೀಟರಿಗೂ ಕಡಿಮೆ, ಒಪ್ಪಿಕೊಂಡೆ. 24 ಬಲು ಒಳ್ಳೆಯ ಸಂಖ್ಯೆ, ಬಳ್ಳಿ, ಹಂಸಗಳಿಗೆ 12, ಸಣ್ಣ ಪಟ್ಟಿಗಳಿಗೆ 4, 6, 8 ಯಾವುದಿದ್ದರೂ ಶೇಷ ಉಳಿಯುವುದಿಲ್ಲ.

ಚಾರ್ಟ್ ಬರೆಯುವವರಿಗೆ ಒಂದು ಮಾತು. ಕುಣಿಕೆ ಚೌಕವಲ್ಲ. ಒಂದೇ ಬಣ್ಣದ ಸಾಧಾರಣ ಹೆಣಿಗೆಯಲ್ಲಿ ಅದು ಅಗಲ ಹೆಚ್ಚು, ಎತ್ತರ ಕಡಿಮೆ. 24 ಕುಣಿಕೆ, 32 ಸಾಲಿನ ಲೆಕ್ಕವಾದರೆ ಎತ್ತರವು ಅಗಲದ ಮುಕ್ಕಾಲು ಭಾಗ ಮಾತ್ರ. ಚೌಕುಳಿ ಹಾಳೆಯಲ್ಲಿ ಬರೆದ ಚುಕ್ಕಿ ರಂಗೋಲಿಯನ್ನು ಹಾಗೆಯೇ ಹೆಣೆದರೆ ತಲೆಯ ಮೇಲೆ ಯಾರೋ ಕುಳಿತಂತೆ ಚಪ್ಪಟೆಯಾಗುವುದು ಇದಕ್ಕೇ. ಎರಡು ದಾರದ ಹೆಣಿಗೆಯಲ್ಲಿ ಹಿಂದಿನ ದಾರ ಅಡ್ಡಕ್ಕೆ ಬಿಗಿಯುವುದರಿಂದ ಕುಣಿಕೆ ಚೌಕಕ್ಕೆ ಹತ್ತಿರ ಬರುತ್ತದೆ. ನನ್ನ ತುಂಡಿನಲ್ಲಿ ಒಂದು ಕುಣಿಕೆ 3.6 ಮಿಲಿಮೀಟರ್ ಅಗಲ, 3.3 ಎತ್ತರ. ಇಷ್ಟು ವ್ಯತ್ಯಾಸಕ್ಕೆ ಆನೆ ಕೆಡುವುದಿಲ್ಲ.

ಬಣ್ಣಗಳನ್ನು ಜೋಡಿ ಮಾಡಲು ಮೊಬೈಲ್ ಸಾಕು. ಉಂಡೆಗಳನ್ನು ಸಾಲಾಗಿಟ್ಟು ಕಪ್ಪು ಬಿಳುಪಿನಲ್ಲಿ ಫೋಟೊ ತೆಗೆಯಿರಿ. ನನ್ನ ಇಟ್ಟಿಗೆ ಕೆಂಪೂ ಕೆಂಗಂದೂ ಕಣ್ಣಿಗೆ ಬೇರೆ ಬೇರೆ, ಫೋಟೊದಲ್ಲಿ ಎರಡೂ ಒಂದೇ ಬೂದು. ಅಂದರೆ ಅವೆರಡನ್ನು ಒಂದು ಸಾಲಿನಲ್ಲಿ ಹಾಕಿದರೆ ನಾಲ್ಕು ಅಡಿ ದೂರದಿಂದ ಚಿತ್ತಾರ ಮಾಯ. ಕೆಂಪನ್ನು ಕೆನೆ ಬಿಳಿಯ ಜೊತೆಗಷ್ಟೇ ಇಟ್ಟೆ.

ಆನೆಯ ಚಾರ್ಟ್

20 ಕುಣಿಕೆ ಅಗಲ, 15 ಸಾಲು ಎತ್ತರ, ಆನೆಗೂ ಆನೆಗೂ ನಡುವೆ 4 ಕುಣಿಕೆ ಬಿಡುವು. ಹೆಣೆದ ಮೇಲೆ ಒಂದು ಆನೆ 7 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಎತ್ತರ. ಕಾಲುಗಳಿಗೆ ತಲಾ ಮೂರು ಕುಣಿಕೆ. ಎರಡಕ್ಕೆ ಇಳಿಸಿದರೆ ಆ ಹೊಟ್ಟೆಯನ್ನು ಹೊರುವಂತೆ ಕಾಣುವುದಿಲ್ಲ. ಬಲಗೈಯವರು ಸುತ್ತಲೂ ಹೆಣೆಯುವಾಗ ಚಾರ್ಟನ್ನು ಪ್ರತಿ ಸಾಲಿನಲ್ಲಿಯೂ ಬಲದಿಂದ ಎಡಕ್ಕೆ ಓದುತ್ತಾರೆ. ಆದ್ದರಿಂದ ಆನೆಯ ಮುಖ ಎಡಕ್ಕಿರಲಿ ಎಂದುಕೊಂಡೆ: ಮೊದಲು ಬಾಲ, ಕೊನೆಗೆ ಸೊಂಡಿಲು, ಕೈ ಹೋಗುವ ದಿಕ್ಕಿಗೇ ಮೆರವಣಿಗೆ.

ತೊಡಕು ಹೊಟ್ಟೆಯದು. ಆನೆಯ ಮೈ 13 ಕುಣಿಕೆ ಅಗಲ, ಏಳು ಸಾಲು ಎತ್ತರ, ಪೂರ್ತಿ ಒಂದೇ ಬಣ್ಣ. ಅಷ್ಟು ದೂರ ಹಿನ್ನೆಲೆಯ ದಾರ ಹಿಂಬದಿಯಲ್ಲಿ ಬಿಡುಬೀಸಾಗಿ ಓಡಬೇಕು, ಸುಮಾರು ನಾಲ್ಕೂವರೆ ಸೆಂಟಿಮೀಟರ್. ಮಾವ ಕೈ ತೂರಿಸುವಾಗ ಉಂಗುರ ಸಿಕ್ಕಿಕೊಂಡು ಎಳೆದರೆ ಆನೆಯ ಹೊಟ್ಟೆ ಮುದುಡುತ್ತದೆ. ದಾರಗಳನ್ನು ನಡುನಡುವೆ ಒಂದರ ಮೇಲೊಂದು ತಿರುಚಿ ಸಿಕ್ಕಿಸುವುದು ಒಂದು ದಾರಿ. ಆದರೆ ಕಡುಬಣ್ಣದ ಹೊಟ್ಟೆಯೊಳಗಿಂದ ಬಿಳಿ ದಾರ ಇಣುಕುತ್ತದೆ, ಪ್ರತಿ ಸಾಲಿನಲ್ಲಿ ಒಂದೇ ಕಡೆ ತಿರುಚಿದರಂತೂ ಗೆರೆಯೇ ಮೂಡುತ್ತದೆ.

ಶೆಟ್‌ಲ್ಯಾಂಡಿನವರು ಇಂಥಲ್ಲಿ ಏನು ಮಾಡುತ್ತಾರೆಂದು ಪುಸ್ತಕ ತೆಗೆದು ನೋಡಿದೆ. ಅವರು ದೊಡ್ಡ ಆಕಾರವನ್ನು ಖಾಲಿ ಬಿಡುವುದೇ ಇಲ್ಲ. ಒಳಗೊಂದು ಶಿಲುಬೆ, ಒಂದು ಚುಕ್ಕಿ, ಏನನ್ನಾದರೂ ತುಂಬುತ್ತಾರೆ. ಹೊಯ್ಸಳರ ಆನೆಯೂ ಬರಿಮೈಯಲ್ಲಿಲ್ಲ, ಸರಪಣಿ, ಗಂಟೆ, ಹೊದಿಕೆ ಎಲ್ಲವೂ ಉಂಟು. ದಸರೆಯ ಆನೆಗಳ ಬೆನ್ನಿಗೆ ನಮ್ದಾ, ಗಾದಿ ಬಿಗಿದು ಮೇಲೆ ಬಣ್ಣದ ಜೂಲು ಹೊದಿಸುವುದನ್ನು ಮೈಸೂರಿನಲ್ಲಿ ನೋಡದವರು ಯಾರು? ಆನೆಗೆ ಜೂಲು ಹೊದಿಸಿದೆ. ಒಂದು ಸಾಲಿನಲ್ಲಿ ಹೊಟ್ಟೆಯ 4 ಮತ್ತು 10ನೆಯ ಕುಣಿಕೆ ಹಿನ್ನೆಲೆಯ ಬಣ್ಣದಲ್ಲಿ, ಮುಂದಿನ ಸಾಲಿನಲ್ಲಿ 7ನೆಯದು ಮಾತ್ರ, ಮತ್ತೆ 4 ಮತ್ತು 10. ಎಲ್ಲಿಯೂ ದಾರ ಆರು ಕುಣಿಕೆಗಿಂತ ಹೆಚ್ಚು ಓಡುವುದಿಲ್ಲ, ಎದುರಿನಿಂದ ನೋಡಿದರೆ ಚುಕ್ಕಿ ಚುಕ್ಕಿಯ ಜೂಲು. ಇಡೀ ಸ್ವೆಟರಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಹಿಂಬದಿಯ ತೊಂದರೆಗೆ ಮುಂಬದಿಯಲ್ಲಿ ಅಲಂಕಾರ ಹುಟ್ಟಿತು.

ಬೆನ್ನಿನ ಮೇಲಿನ ಸಾಲುಗಳಲ್ಲಿ ಇದರ ತಿರುಗುಮುರುಗು ತೊಂದರೆ: ಅಲ್ಲಿ ಆನೆಯ ದಾರ ಓಡಬೇಕಾದ ದೂರ ಹೆಚ್ಚು. ಖಾಲಿ ಜಾಗದಲ್ಲಿ ಮೂರು ಕುಣಿಕೆಯ ಪುಟ್ಟ ಹೂಗಳನ್ನು ಇಟ್ಟು ಮುಗಿಸಿದೆ.

ಕುದುರೆ ಆಗಲಿಲ್ಲ. ಹನ್ನೆರಡು ಸಾಲಿನ ಎತ್ತರದಲ್ಲಿ ಸವಾರನೂ ಬೇಕು, ಕುದುರೆಯ ಕತ್ತೂ ಬೇಕು, ಕಾಲುಗಳೂ ತೆಳ್ಳಗಿರಬೇಕು. ಬಿಡಿಸಿದ್ದೆಲ್ಲ ಬೀದಿನಾಯಿಯ ಬೆನ್ನ ಮೇಲೆ ಮೂಟೆ ಇಟ್ಟಂತೆ ಬಂತು. ಪುರಾಣದ ಕತೆಗಳ ಮಾತಂತೂ ಬಿಡಿ. ಮಕರಕ್ಕೆ ಬಾಯಿಯೇ ಅಂದ, ಅದಕ್ಕೆ ಇನ್ನೂ ಸಣ್ಣ ದಾರ ಬೇಕು. ಉಳಿದವು ಆನೆ, ಬಳ್ಳಿ, ಹಂಸ. ಬಿಟ್ಟುಹೋದ ಪಟ್ಟಿಗಳ ಜಾಗಕ್ಕೆ ಮೂರು ಸಾಲಿನ ಪೀರಿ ಪಟ್ಟಿಗಳು, ಅವು ಶೆಟ್‌ಲ್ಯಾಂಡಿನವರಿಂದ ನೇರವಾಗಿ ಎತ್ತಿಕೊಂಡವು.

ಪಟ್ಟಿಗಳ ಲೆಕ್ಕ

ಅಂಚು ಬಿಟ್ಟು ಉದ್ದ 58 ಸೆಂಟಿಮೀಟರ್, ಅಂದರೆ 174 ಸಾಲು. ಆನೆ ಒಂದೇ ಸಲ, ಬುಡದಲ್ಲಿ ಮಾತ್ರ; ಭಾರ ಹೊರುವವರು ಕೆಳಗಿರಬೇಕು ಎಂಬ ದೇವಸ್ಥಾನದ ನ್ಯಾಯ ಸ್ವೆಟರಿಗೂ ಸರಿಯೆನಿಸಿತು. ಅದರ ಕೆಳಗಿನ ಸಣ್ಣ ಪಟ್ಟಿ ಮತ್ತು ಖಾಲಿ ಸಾಲು ಸೇರಿ 7, ಆನೆಗೆ ಖಾಲಿ ಸಾಲೂ ಸೇರಿ 17. ಉಳಿದ 150 ಸಾಲಿನಲ್ಲಿ ಒಂದೊಂದು ಸುತ್ತಿಗೂ 30: ಬಳ್ಳಿ 9, ಪೀರಿ 3, ಹಂಸ 11, ಪೀರಿ 3, ಪ್ರತಿಯೊಂದರ ಮೇಲೂ ಒಂದು ಖಾಲಿ ಸಾಲು. ಐದು ಸುತ್ತಿಗೆ ಭುಜ ಮುಟ್ಟುತ್ತದೆ. 30 ಸಾಲು ಎಂದರೆ ಸರಿಯಾಗಿ 10 ಸೆಂಟಿಮೀಟರ್, ಟೇಪು ಹಿಡಿದಾಗಲೆಲ್ಲ ಕೆಲಸ ಎಲ್ಲಿಗೆ ಬಂದಿದೆಯೆಂದು ತಿಳಿಯುತ್ತದೆ.

ಅಂಚು 6 ಸೆಂಟಿಮೀಟರ್, 2.75ರ ಕಡ್ಡಿಯಲ್ಲಿ 264 ಕುಣಿಕೆ ಹಾಕಿ, ಎರಡು ಸೀದಾ ಒಂದು ಬಣ್ಣದಲ್ಲಿ, ಎರಡು ಉಲ್ಟಾ ಇನ್ನೊಂದರಲ್ಲಿ. ಈ ಎರಡು ಬಣ್ಣದ ಅಂಚು ನೋಡಲು ಚೆಂದ, ಎಳೆದರೆ ಮಾತ್ರ ಸಾಧಾರಣ ಅಂಚಿನಷ್ಟು ಹಿಗ್ಗುವುದಿಲ್ಲ. ಹೊಟ್ಟೆಯ ಮೇಲೆ ಬಿಗಿಯಾಗಬಾರದೆಂದರೆ ಕುಣಿಕೆಗಳನ್ನು ತೀರಾ ಕಡಿಮೆ ಮಾಡಬಾರದು. ಅಂಚು ಮುಗಿದ ಸಾಲಿನಲ್ಲಿ 11 ಕುಣಿಕೆಗೊಂದರಂತೆ 24 ಹೆಚ್ಚಿಸಿದರೆ 288.

ಎರಡು ದಾರಗಳಲ್ಲಿ ಹಿಂಬದಿಯಲ್ಲಿ ಕೆಳಗಿನಿಂದ ಬರುವ ದಾರದ ಕುಣಿಕೆ ತುಸು ದೊಡ್ಡದಾಗಿ ಎದ್ದು ಕಾಣುತ್ತದೆ. ಚಿತ್ತಾರದ ಬಣ್ಣ ಯಾವಾಗಲೂ ಕೆಳಗಿನ ದಾರವಾಗಿರಲಿ, ನಡುವೆ ಅದಲುಬದಲಾದರೆ ಆ ಸಾಲಿನಿಂದ ಮೇಲಕ್ಕೆ ಆನೆ ಬಡಕಲಾಗುತ್ತದೆ. ನಾನು ಚಿತ್ತಾರದ ದಾರವನ್ನು ಎಡಗೈಯಲ್ಲಿಯೂ ಹಿನ್ನೆಲೆಯನ್ನು ಬಲಗೈಯಲ್ಲಿಯೂ ಹಿಡಿಯುತ್ತೇನೆ. ಶೆಟ್‌ಲ್ಯಾಂಡಿನ ಹೆಂಗಸರು ಸೊಂಟಕ್ಕೆ ಕುದುರೆ ಕೂದಲು ತುಂಬಿದ, ತೂತುಗಳಿರುವ ಚರ್ಮದ ಪಟ್ಟಿ ಕಟ್ಟಿ, ಬಲಗಡ್ಡಿಯ ತುದಿಯನ್ನು ಅದರಲ್ಲಿ ಚುಚ್ಚಿ ಹೆಣೆಯುತ್ತಾರೆ. ಬೆನ್ನಿಗೆ ಪೀಟಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುವವರ ಹಳೆಯ ಫೋಟೊಗಳಿವೆ. ನನಗೆ ಅದು ಕೂಡಿಬರಲಿಲ್ಲ, ತಂತಿಯಿಂದ ಜೋಡಿಸಿದ ಉದ್ದನೆಯ ವೃತ್ತಾಕಾರದ ಕಡ್ಡಿಯೇ ಸಾಕು.

ಕಂಕುಳಿನ ಮಟ್ಟಕ್ಕೆ ಬಂದಾಗ, ಅಂದರೆ 94ನೆಯ ಸಾಲಿಗೆ, ಎರಡೂ ಪಕ್ಕದಲ್ಲಿ 14 ಕುಣಿಕೆಗಳನ್ನು ಬೇರೆ ದಾರದ ಮೇಲೆ ತೆಗೆದಿಟ್ಟು, ಆ ಜಾಗದಲ್ಲಿ 8 ಸೇತುವೆ ಕುಣಿಕೆಗಳನ್ನು ಹೊಸದಾಗಿ ಹಾಕಿದೆ. ಮುಂದೆ ನಟ್ಟನಡುವಿನ 2 ಕುಣಿಕೆಗಳನ್ನು ಪಿನ್ನಿಗೆ ಹಾಕಿ ಅಲ್ಲಿಯೂ 8. ಇವೇ ಆಮೇಲೆ ಕತ್ತರಿಸುವ ಜಾಗ, ಅಲ್ಲಿನವರ ಮಾತಿನಲ್ಲಿ ಸ್ಟೀಕ್. ಮುಂಭಾಗ, ಹಿಂಭಾಗದಲ್ಲಿ ತಲಾ 130 ಕುಣಿಕೆ ಉಳಿದವು. ತೋಳಿನ ಪ್ರತಿ ಅಂಚಿಗೂ 12 ಇಳಿಸಿ 106ಕ್ಕೆ ತಂದೆ. ಕುತ್ತಿಗೆಗೆ ನಾಲ್ಕು ಸಾಲಿಗೊಮ್ಮೆ ಎರಡೂ ಬದಿ ಒಂದೊಂದು ಇಳಿಸುತ್ತಾ ಹೋದರೆ ಬದಿಗೆ 18, ನಡುವಿನ ಎರಡು ಸೇರಿ 38. ಭುಜಕ್ಕೆ ತಲಾ 34, ಅಂದರೆ 12 ಸೆಂಟಿಮೀಟರ್. ಭುಜಗಳನ್ನು ಒಳಮೈಯಿಂದ ಮೂರನೆಯ ಕಡ್ಡಿ ಹಿಡಿದು ಒಟ್ಟಿಗೆ ಮುಚ್ಚಿದೆ.

ಆಗ ಕೈಯಲ್ಲಿದ್ದದ್ದು ತೋಳಿಲ್ಲದ, ತಲೆ ತೂರದ ಒಂದು ಮುಚ್ಚಿದ ಚೀಲ.

ಕತ್ತರಿ

ಅತ್ತೆ ಇದನ್ನು ನೋಡಲಾರೆನೆಂದು ಒಳಗೆ ಹೋದರು. ಮಾವ ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು.

ಶೆಟ್‌ಲ್ಯಾಂಡ್ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕತ್ತರಿಸಿದ ಕುಣಿಕೆ ಪಕ್ಕಕ್ಕೆ ಸುಲಭವಾಗಿ ಬಿಚ್ಚುವುದಿಲ್ಲ, ಮೇಲಿನಿಂದ ಕೆಳಕ್ಕೆ ಓಡುವುದು ಅಪರೂಪ. ಅಲ್ಲಿನ ಹಳಬರು ಯಾವ ಭದ್ರತೆಯೂ ಇಲ್ಲದೆ ನೇರವಾಗಿ ಕತ್ತರಿಸುತ್ತಾರೆ. ನಾನು ಸೇತುವೆಯ ನಡುಗೆರೆಯ ಎರಡೂ ಬದಿಗೆ ಕ್ರೋಶ ಕಡ್ಡಿಯಿಂದ ಒಂದೊಂದು ಸರಪಣಿ ಹೊಲಿಗೆ ಹಾಕಿದೆ. ಹಾಗೆ ಮಾಡಿದರೆ ಎರಡು ಸರಪಣಿಗಳು ಆಚೀಚೆ ವಾಲಿ, ನಡುವೆ ಕತ್ತರಿಸಬೇಕಾದ ಅಡ್ಡ ಎಳೆಗಳು ಏಣಿಯ ಮೆಟ್ಟಿಲಿನಂತೆ ಸ್ಪಷ್ಟವಾಗಿ ಕಾಣುತ್ತವೆ. ಚೂಪಾದ ಸಣ್ಣ ಕತ್ತರಿ, ಒಳ್ಳೆಯ ಬೆಳಕು, ಸ್ವೆಟರಿನೊಳಗೆ ಒಂದು ರಟ್ಟು. ರಟ್ಟು ಮರೆಯಬೇಡಿ, ಹಿಂಭಾಗವೂ ಸೇರಿ ಕತ್ತರಿಸಿಹೋದರೆ ಯಾವ ಸರಪಣಿಯೂ ಕಾಯುವುದಿಲ್ಲ.

ಮೈಸೂರಿನ ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಜಾರುತ್ತದೆ. ಯಂತ್ರದಲ್ಲಿ ಒಗೆಯಬಹುದೆಂದು ಮೇಲ್ಮೈ ನುಣುಪು ಮಾಡಿದ ಉಣ್ಣೆಯೂ ಹತ್ತಿ ದಾರವೂ ಹಾಗೆಯೇ. ಅವುಗಳಲ್ಲಿ ಈ ಕೆಲಸ ಮಾಡುವವರು ಕ್ರೋಶ ಸರಪಣಿಯನ್ನು ನಂಬಬಾರದು. ಹೊಲಿಗೆ ಯಂತ್ರದಲ್ಲಿ ಸಣ್ಣ ಹೊಲಿಗೆಯಿಟ್ಟು ಎರಡೆರಡು ಸಾಲು ಓಡಿಸಿದ ಮೇಲೆಯೇ ಕತ್ತರಿ. ಬೀದಿಯ ದರ್ಜಿಯ ಬಳಿ ಕೊಟ್ಟರೆ ಬಟ್ಟೆಯನ್ನು ಎಳೆಯದೆ ಓಡಿಸಿ ಎಂದು ಹೇಳಬೇಕು, ಎಳೆದರೆ ಅಂಚು ಅಲೆಅಲೆಯಾಗುತ್ತದೆ.

ಕತ್ತರಿಸಿದ ಮೇಲೆ ತೋಳು, ಕುತ್ತಿಗೆಯ ಸುತ್ತ ಕುಣಿಕೆಗಳನ್ನು ಎತ್ತಿ ಅದೇ ಎರಡು ಬಣ್ಣದ ಅಂಚು. ವಿಯ ತುದಿಯಲ್ಲಿ ಪಿನ್ನಿಗೆ ಹಾಕಿದ್ದ ಎರಡು ಕುಣಿಕೆಗಳ ಆಚೀಚೆ ಸಾಲು ಬಿಟ್ಟು ಸಾಲು ಇಳಿಸುತ್ತಾ ಹೋಗಬೇಕು. ಒಳಗೆ ಉಳಿದ ಸೇತುವೆಯ ತುಂಡನ್ನು ಮಡಿಸಿ ಸೂಜಿಯಿಂದ ಮೆಲ್ಲಗೆ ಹೊಲಿದೆ.

ಬಿದಿರಿನ ಚೌಕಟ್ಟು

ಶೆಟ್‌ಲ್ಯಾಂಡಿನ ಮನೆಗಳಲ್ಲಿ ತೊಳೆದ ಸ್ವೆಟರನ್ನು ಹೊಂದಿಸಬಹುದಾದ ಮರದ ಚೌಕಟ್ಟಿಗೆ ತೊಡಿಸಿ ಒಣಗಿಸುತ್ತಾರೆ. ಅದನ್ನು ಇಲ್ಲಿಗೆ ಹೊತ್ತು ತರುವುದು ಆಗದ ಮಾತು, ಹೊಸ ಮರದಲ್ಲಿ ಮಾಡಿಸಿದರೆ ಹಸಿ ಉಣ್ಣೆಗೆ ಮರದ ಬಣ್ಣ ಹತ್ತುವ ಭಯ. ಬಂಬೂ ಬಜಾರಿನಲ್ಲಿ ಮೇದರ ಅಂಗಡಿಯೊಂದಕ್ಕೆ ಅಳತೆ ಬರೆದುಕೊಂಡು ಹೋದೆ. 75 ಸೆಂಟಿಮೀಟರಿನ ಎರಡು ನಿಲುವು ಕೋಲು, 51 ಸೆಂಟಿಮೀಟರ್ ಅಗಲಕ್ಕೆ ಮೇಲೊಂದು ಕೆಳಗೊಂದು ಅಡ್ಡಪಟ್ಟಿ, ಅಡ್ಡಪಟ್ಟಿಗಳಲ್ಲಿ ಎರಡು ಸೆಂಟಿಮೀಟರಿಗೊಂದು ತೂತು, ನಿಲುವು ಕೋಲನ್ನು ಬೇಕಾದ ತೂತಿಗೆ ಕಡ್ಡಿಯಿಂದ ಬಿಗಿಯುವಂತೆ. ಮಾಡಿಕೊಟ್ಟವರು ಇದು ಯಾವ ಹಕ್ಕಿಗೆ ಪಂಜರ ಎಂದು ಕೇಳಿದರು. ಸಿಬಿರು ಏಳದಂತೆ ಮೊದಲು ಒರಟು, ಆಮೇಲೆ ನಯವಾದ ಮರಳು ಕಾಗದದಿಂದ ಉಜ್ಜಿ, ಹಳೆಯ ನೈಲಾನ್ ಸೀರೆಯ ತುಂಡನ್ನು ಅದರ ಮೇಲೆ ಎಳೆದು ನೋಡಿದೆ. ಎಲ್ಲಿ ಸೀರೆ ಸಿಕ್ಕಿಕೊಂಡಿತೋ ಅಲ್ಲಿ ಇನ್ನೊಮ್ಮೆ ಉಜ್ಜಿದೆ.

ಕೆಂಪು ಬಣ್ಣ ಬಿಡುತ್ತದೆಯೇ ಎಂದು ಒಂದು ಎಳೆಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿದ್ದೆ, ಬಿಡಲಿಲ್ಲ. ಸ್ವೆಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸೋಪು ಹಾಕಿ ಅರ್ಧ ಗಂಟೆ ಅಲ್ಲಾಡಿಸದೆ ನೆನೆಸಿದೆ. ಹಿಂಡಬಾರದು, ಟವೆಲಿನಲ್ಲಿ ಸುರುಳಿ ಸುತ್ತಿ ಮೇಲೆ ನಿಂತರೆ ನೀರು ಬರುತ್ತದೆ. ಚೌಕಟ್ಟಿಗೆ ತೊಡಿಸಿ ಮಹಡಿಯ ನೆರಳಿನಲ್ಲಿ ನಿಲ್ಲಿಸಿದೆ. ನಮ್ಮ ಗಾಳಿಗೆ ಒಣಗಲು ಹೆಚ್ಚು ಹೊತ್ತು ಬೇಡ. ಒಣಗುವ ಹೊತ್ತಿಗೆ ಏರುತಗ್ಗಾಗಿದ್ದ ಕುಣಿಕೆಗಳೆಲ್ಲ ಸಮನಾಗಿ, ಹಂಸಗಳ ಕೊರಳು ನೆಟ್ಟಗಾದವು. ಎದೆ 103 ಸೆಂಟಿಮೀಟರ್, ಉದ್ದ ಅಂಚೂ ಸೇರಿ 64.

ಮಾವ ತೊಟ್ಟು, ಕನ್ನಡಿಯ ಮುಂದೆ ನಿಂತು, ಬಗ್ಗಿ ಬುಡದ ಪಟ್ಟಿಯನ್ನು ನೋಡಿದರು.

“ಆನೆಗಳಿಗೆ ದಂತವೇ ಇಲ್ಲವಲ್ಲಮ್ಮ, ಎಲ್ಲವೂ ಹೆಣ್ಣಾನೆಗಳೇ?”

“ದಸರೆಯಲ್ಲಿ ಹೆಣ್ಣಾನೆಗಳೂ ಬರುತ್ತವೆ ಮಾವ.”

“ಬರುತ್ತವೆ. ಆದರೆ ಅಂಬಾರಿ ಹೊರುವುದು ದಂತದ ಆನೆ.”

ಅದಕ್ಕೆ ಬಿಚ್ಚಬೇಕಾಗಿಲ್ಲ. ಹೆಣೆದ ಕುಣಿಕೆಯ ಮೇಲೆಯೇ ಮೊಂಡು ಸೂಜಿಯಿಂದ ಅದೇ ದಾರಿಯಲ್ಲಿ ಇನ್ನೊಂದು ದಾರ ಓಡಿಸಿದರೆ ಕೆಳಗಿನ ಬಣ್ಣ ಮುಚ್ಚಿಹೋಗುತ್ತದೆ. ಕುಣಿಕೆಯ ಬುಡದಿಂದ ಸೂಜಿ ಮೇಲೆ ತೆಗೆದು, ಮೇಲಿನ ಕುಣಿಕೆಯ ಎರಡು ಕಾಲುಗಳ ಹಿಂದೆ ಹಾಯಿಸಿ, ಮತ್ತೆ ಅದೇ ಬುಡಕ್ಕೆ ಇಳಿಸುವುದು. ಕೆನೆ ಬಿಳಿಯಲ್ಲಿ ಸೊಂಡಿಲಿನ ಪಕ್ಕ ತಲಾ ಎರಡು ಕುಣಿಕೆ. ಹನ್ನೆರಡರಲ್ಲಿ ಹನ್ನೊಂದಕ್ಕೆ ದಂತ ಬಂತು, ಎಡ ಪಕ್ಕೆಯ ಒಂದನ್ನು ಹೆಣ್ಣಾನೆಯಾಗಿಯೇ ಬಿಟ್ಟೆ.

ಒಗೆಯುವ ವಿಷಯವನ್ನು ಅತ್ತೆಗೆ ಎರಡು ಸಲ ಹೇಳಿ, ಚೀಟಿಯಲ್ಲಿಯೂ ಬರೆದು ಕೊಟ್ಟಿದ್ದೇನೆ: ಯಂತ್ರಕ್ಕೆ ಹಾಕಬಾರದು, ಬಿಸಿನೀರು ಮತ್ತು ಉಜ್ಜಾಟ ಸೇರಿದರೆ ಈ ಉಣ್ಣೆ ಕಂಬಳಿಯಾಗಿ ಕುಗ್ಗುತ್ತದೆ. ಬಿದಿರಿನ ಚೌಕಟ್ಟು ನಮ್ಮ ಮನೆಯ ಮಹಡಿಯಲ್ಲಿದೆ, ಬೇಕಾದಾಗ ಕಳುಹಿಸಿ. ಉಳಿದ ಉಣ್ಣೆ ಅರವತ್ತು ಗ್ರಾಮಿನಷ್ಟಿದೆ, ಒಂದು ಟೋಪಿಗೆ ಸಾಲುತ್ತದೆ. ಕುದುರೆಗೆ 17 ಸಾಲು ಕೊಟ್ಟು, ಸವಾರನನ್ನು ಇಳಿಸಿ, ಹೊಸ ಚಾರ್ಟ್ ಬರೆಯುತ್ತಿದ್ದೇನೆ.